ಭರಣಿಯ ಮಿಡಿ, ಮೈಯ ಕೋಶ

ಸಾಗರದ ಕಡೆ ಈಗ ಅಪ್ಪೆಮಿಡಿ ಕಾಲ. ಅತ್ತೆ ಭರಣಿಗೆ ಒಂದು ಸಾಲು ಮಿಡಿ, ಒಂದು ಸಾಲು ಕಲ್ಲುಪ್ಪು ಹಾಕಿಟ್ಟಿದ್ದಾರೆ. ಮಿಡಿ ಆಗಲೇ ನೀರು ಬಿಟ್ಟಿದೆ, ತೊಟ್ಟಿನ ಹತ್ತಿರ ಸಿಪ್ಪೆ ಸುಕ್ಕುಗಟ್ಟಿದೆ. ನಮ್ಮ ಮೈಯ ಕೋಶಗಳೂ ಉಪ್ಪುನೀರಲ್ಲೇ ಇರುವುದು ಅಲ್ವಾ, ಆದರೆ ಅವು ಸುಮ್ನೆ ಕೂರುವುದಿಲ್ಲ.

ಕೋಶದ ಪೊರೆಯಲ್ಲಿರುವ ಒಂದು ಪಂಪು ಪ್ರತಿ ಸಲ 3 ಸೋಡಿಯಂ ಅಯಾನು ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಅದು ನಿಂತರೆ ನೀರು ನುಗ್ಗಿ ಕೋಶ ಊದಿಕೊಳ್ಳುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು ಏಡಿಯ ನರದಲ್ಲಿ ಕಂಡುಹಿಡಿದು 1957ರಲ್ಲಿ ಬರೆದರು, ನೊಬೆಲ್ ಬಂದದ್ದು 1997ರಲ್ಲಿ!

ನನಗೆ ಅದಕ್ಕಿಂತ ಇಷ್ಟ ಸೋಡಿಯಂ-ಹೈಡ್ರೋಜನ್ ಎಕ್ಸ್‌ಚೇಂಜರ್, ಅದೇ ಪೊರೆಯಲ್ಲಿ ಅಯಾನುಗಳನ್ನು ಅದಲುಬದಲು ಮಾಡುವ ಪ್ರೋಟೀನು. ಒಳಗೆ ಆಮ್ಲ ಜಾಸ್ತಿಯಾದರೆ ಒಂದು ಹೈಡ್ರೋಜನ್ ಅಯಾನನ್ನು ಹೊರಗೆ ತಳ್ಳಿ ಒಂದು ಸೋಡಿಯಂ ಒಳಗೆ ತಂದು ಪಿಎಚ್ ಅನ್ನು, ಅಂದರೆ ಆಮ್ಲದ ಅಳತೆಯನ್ನು, 7.2ರ ಆಸುಪಾಸಿಗೆ ತರುತ್ತದೆ. ಕೋಶ ಕುಗ್ಗಿದಾಗಲೂ ಕೆಲಸಕ್ಕೆ ಬರುವುದು ಇದೇ. ಆಮ್ಲಕ್ಕೂ ಗಾತ್ರಕ್ಕೂ ಒಂದೇ ಪ್ರೋಟೀನು, ಇದನ್ನು ಪಿಯುಸಿಯಲ್ಲೇ ಮಕ್ಕಳಿಗೆ ಹೇಳಬೇಕು ಅನ್ನಿಸುತ್ತದೆ. ಇದು ಸೋಡಿಯಂ ತಂದರೆ ಪಕ್ಕದ ಇನ್ನೊಂದು ಪ್ರೋಟೀನು ಬೈಕಾರ್ಬೊನೇಟ್ ಹೊರಗೆ ಕೊಟ್ಟು ಕ್ಲೋರೈಡ್ ತರುತ್ತದೆ, ಅವುಗಳ ಹಿಂದೆಯೇ ನೀರೂ ಬಂದು ಕೋಶ ಮೊದಲಿನ ಗಾತ್ರಕ್ಕೆ ಬರುತ್ತದೆ. ಊದಿದಾಗ ಪೊಟ್ಯಾಸಿಯಂ, ಕ್ಲೋರೈಡ್ ಹೊರಗೆ ಹೋಗುತ್ತವೆ, ನೀರೂ ಜೊತೆಗೇ ಹೊರಡುತ್ತದೆ.