ಕೆಂಪು ದಾರಿಯ ಬೆಲೆ

ಮಧ್ಯರಾತ್ರಿ ದಾಟಿತ್ತು. ‘ಮಾಸ್ ಎಫೆಕ್ಟ್ 3’ ಎಂಬ ವಿಡಿಯೋ ಗೇಮ್‌ನ ಕೊನೆಯ ದೃಶ್ಯದಲ್ಲಿ ನನ್ನ ನಾಯಕಿ ಶೆಪರ್ಡ್ ಗಾಯಗೊಂಡು ಕುಂಟುತ್ತಾ ನಿಂತಿದ್ದಳು. ಬಲಕ್ಕೆ ಕೆಂಪು, ಎಡಕ್ಕೆ ನೀಲಿ, ನಡುವೆ ಹಸಿರು ಬೆಳಕಿನ ಕಂಬ. ನಾನು ಆಟವನ್ನು ಅಲ್ಲೇ ತಡೆದು ಕಂಟ್ರೋಲರ್ ಕೆಳಗಿಟ್ಟೆ.

ಕೆಂಪನ್ನು ಆರಿಸಿ ಗುಂಡು ಹಾರಿಸಿದರೆ, ಗ್ಯಾಲಕ್ಸಿಯ ನಾಗರಿಕತೆಗಳನ್ನು ಅಳಿಸಲು ಬಂದ ದೈತ್ಯ ಯಂತ್ರಗಳಾದ ರೀಪರ್‌ಗಳು ನಾಶವಾಗುತ್ತವೆ. ಮೂರು ಆಟಗಳುದ್ದಕ್ಕೂ ಹೋರಾಡಿದ್ದೇ ಅದಕ್ಕಾಗಿ. ಆದರೆ ಅವುಗಳ ಜೊತೆಗೆ ಯಂತ್ರಜೀವಿಗಳಾದ ಗೆತ್ ಕುಲವೂ, ನಮ್ಮ ಹಡಗಿನ ಕೃತಕ ಬುದ್ಧಿಮತ್ತೆ ಈಡಿಯೂ ಅಳಿಯಬೇಕು. ಅದೇ ನನ್ನ ಕೈ ಕಟ್ಟಿಹಾಕಿತು. ರನೋಚ್ ಗ್ರಹದಲ್ಲಿ ಗೆತ್‌ಗಳಿಗೂ ಅವುಗಳನ್ನು ಸೃಷ್ಟಿಸಿದ ಕ್ವೇರಿಯನ್ನರಿಗೂ ನಾನು ಸಂಧಿ ಮಾಡಿಸಿದ್ದೆ. ಹಿಂದಿನ ಆಟದಲ್ಲೇ ಸರಿಯಾದ ನಿರ್ಧಾರಗಳನ್ನು ತೆಗೆದುಕೊಂಡಿರದಿದ್ದರೆ ಆ ಸಂಧಿ ಸಾಧ್ಯವೇ ಆಗುವುದಿಲ್ಲ. ತನ್ನನ್ನು ಯಾವಾಗಲೂ ‘ನಾವು’ ಎಂದೇ ಕರೆದುಕೊಳ್ಳುತ್ತಿದ್ದ ಲೀಜನ್ ಎಂಬ ಗೆತ್, ತನ್ನವರಿಗಾಗಿ ಪ್ರಾಣ ಕೊಡುವ ಮುನ್ನ ಮೊದಲ ಬಾರಿಗೆ ‘ನಾನು’ ಎಂದಿತ್ತು. ಆ ಒಂದು ಪದ ಕೇಳಿದವಳಿಗೆ ಕೆಂಪು ದಾರಿಗೆ ಕಾಲಿಡುವುದು ಸುಲಭವಲ್ಲ.

ಹಸಿರಿನಲ್ಲಿ ಜೀವಿಗಳೂ ಯಂತ್ರಗಳೂ ಬೆರೆತು ಒಂದಾಗುತ್ತವೆ. ಶೆಪರ್ಡ್ ಒಬ್ಬಳನ್ನು ಬಿಟ್ಟರೆ ಎಲ್ಲರಿಗೂ ಲಾಭವೇ. ಆದರೂ ನನಗದು ಹಿಡಿಸಲಿಲ್ಲ. ಗ್ಯಾಲಕ್ಸಿಯ ಪ್ರತಿಯೊಂದು ಜೀವದ ಮೈಯನ್ನೇ ಅದರ ಒಪ್ಪಿಗೆ ಕೇಳದೆ ಬದಲಿಸುವುದು ಸಣ್ಣ ಬೆಲೆಯಲ್ಲ. ಆ ಬೆಲೆಯನ್ನು ತೆರುವವರ ಮುಖ ಮಾತ್ರ ನಮಗೆ ಕಾಣುವುದಿಲ್ಲ. ಕೊನೆಗೆ ನೀಲಿಯತ್ತ ನಡೆದೆ. ಶೆಪರ್ಡ್ ಎರಡು ಹಿಡಿಗಳನ್ನು ಗಟ್ಟಿಯಾಗಿ ಹಿಡಿದಳು, ಮೈ ಸುಟ್ಟುಹೋಯಿತು. ರೀಪರ್‌ಗಳು ಅವಳ ಹಿಡಿತಕ್ಕೆ ಬಂದವು, ಗೆತ್‌ಗಳು ಉಳಿದವು. ನನಗೆ ಅಳು ಬಂತು.

ಮರುದಿನ ತಮ್ಮನಿಗೆ ಹೇಳಿದಾಗ ಅವನಿಗೆ ಆಶ್ಚರ್ಯ. “ಅಷ್ಟು ಹೊತ್ತು ಏನು ಯೋಚಿಸಿದೆ ಅಕ್ಕಾ? ನಾನು ನೇರವಾಗಿ ಕೆಂಪಿಗೆ ಹೋದೆ. ಕೊನೆಯಲ್ಲಿ ಅವಶೇಷಗಳ ನಡುವೆ ಶೆಪರ್ಡ್ ಉಸಿರೆಳೆದುಕೊಳ್ಳುವುದನ್ನೂ ನೋಡಿದೆ” ಎಂದ.

ಆ ಉಸಿರಿನ ವಿಷಯ ನನಗೆ ತಿಳಿದಿರಲಿಲ್ಲ. ಯುದ್ಧಕ್ಕೆ ಸಾಕಷ್ಟು ಸೇನಾಬಲ ಕೂಡಿಸಿದವರಿಗೆ, ಅದೂ ಕೆಂಪನ್ನು ಆರಿಸಿದರೆ ಮಾತ್ರ, ಆ ಕೆಲವು ಕ್ಷಣಗಳ ದೃಶ್ಯ ಸಿಗುತ್ತದೆ. ಕೇಳಿ ನನಗೆ ಸಿಟ್ಟೇ ಬಂತು. ಮೂರು ದಾರಿಗಳನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡು ಎಂದು ಹೇಳಿ, ಒಂದು ತಟ್ಟೆಯ ಕೆಳಗೆ ಮಾತ್ರ ಬಹುಮಾನ ಬಚ್ಚಿಟ್ಟಂತಾಯಿತಲ್ಲ! ಒಮ್ಮೆ ಅದು ಗೊತ್ತಾದರೆ ಮುಂದಿನ ಬಾರಿ ಗೆತ್‌ಗಳ ಬಗ್ಗೆ ಯೋಚಿಸುತ್ತೇವೆಯೋ, ಆ ಉಸಿರಿನ ಬಗ್ಗೆಯೋ? 2012ರ ಮಾರ್ಚ್‌ನಲ್ಲಿ ಆಟ ಬಿಡುಗಡೆಯಾದಾಗ ಮುಕ್ತಾಯದ ಬಗ್ಗೆ ಭಾರೀ ವಿರೋಧ ಬಂದು, ಜೂನ್‌ನಲ್ಲಿ ವಿಸ್ತರಿಸಿದ ಮುಕ್ತಾಯವನ್ನು ಉಚಿತವಾಗಿ ಕೊಟ್ಟರು. ಆಯ್ಕೆಗಳ ಪರಿಣಾಮ ಅದರಲ್ಲಿ ಹೆಚ್ಚು ಸ್ಪಷ್ಟವಾಯಿತು. ಮೂರನ್ನೂ ನಿರಾಕರಿಸುವ ದಾರಿಯೂ ಸೇರಿತು. ಉಸಿರು ಮಾತ್ರ ಕೆಂಪಿನ ಪಾಲಿಗೇ ಉಳಿಯಿತು.

ಆದರೆ ಮಾತು ಮುಂದುವರಿದಂತೆ ಇನ್ನೊಂದು ಸಂಗತಿ ಹೊಳೆಯಿತು. ತಮ್ಮ ರನೋಚ್‌ನಲ್ಲಿ ಕ್ವೇರಿಯನ್ನರ ಪಕ್ಷ ವಹಿಸಿದ್ದ. ಅವನ ಆಟದಲ್ಲಿ ಗೆತ್‌ಗಳು ಆಗಲೇ ಅಳಿದುಹೋಗಿದ್ದವು. ಲೀಜನ್ ‘ನಾನು’ ಎಂದದ್ದನ್ನು ಅವನು ಕೇಳಿಯೇ ಇರಲಿಲ್ಲ. ಅದೇ ಕೆಂಪು, ಅದೇ ಗುಂಡು. ನನಗೆ ಒಂದು ಕುಲದ ಬೆಲೆ, ಅವನಿಗೆ ಈಡಿ ಒಬ್ಬಳದು. ಬೆಲೆಯನ್ನು ಆಟ ನಿಗದಿ ಮಾಡಿರಲಿಲ್ಲ, ನಾವೇ ಅಷ್ಟೂ ಗಂಟೆಗಳಲ್ಲಿ ಕಟ್ಟಿಕೊಂಡಿದ್ದೆವು. ಈ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ.

ಅವನು ಮತ್ತೆ ಆಡಿದ. ಈ ಸಲ ಸಂಧಿ ಮಾಡಿಸಿದ, ಲೀಜನ್‌ನ ಮಾತು ಕೇಳಿದ. ಕೊನೆಯ ದಿನ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಕೆಂಪಿನತ್ತಲೇ ನಡೆದು ಗುಂಡು ಹಾರಿಸಿದ. ಹಡಗಿನಲ್ಲಿ ಸತ್ತವರ ಹೆಸರುಗಳ ಫಲಕ ಕಾಣಿಸಿಕೊಂಡಿತು.

“ಈಡಿಯ ಹೆಸರು ಇದೆ” ಎಂದ. “ಹೋದ ಸಲ ನಾನು ನೋಡಿಯೇ ಇರಲಿಲ್ಲ ಅಕ್ಕಾ.”

ಅಷ್ಟರಲ್ಲಿ ಪರದೆಯ ಮೇಲೆ ಶೆಪರ್ಡ್ ಉಸಿರೆಳೆದುಕೊಂಡಳು. ಅವನು ಇನ್ನೂ ಆ ಹೆಸರಿನ ಬಗ್ಗೆಯೇ ಮಾತನಾಡುತ್ತಿದ್ದ.