ನೀ ಗುಡಿ ಕಟ್ಕೊ, ನಾಲೆ ನಾ ನೋಡ್ಕತೀನಿ

ಮಂಡ್ಯದ ನಮ್ಮ ಮನೆಯಲ್ಲಿ ಚೌಕಾಬಾರ ಬಿಟ್ಟರೆ ಈಗ ಜಾಸ್ತಿ ನಡೆಯುವ ಆಟ 'ಮೆಕ್ಸಿಕಾ'. ವೋಲ್ಫ್‌ಗ್ಯಾಂಗ್ ಕ್ರಾಮರ್ ಮತ್ತು ಮೈಕೆಲ್ ಕೀಸ್ಲಿಂಗ್ ಮಾಡಿದ್ದು, 2002ರಲ್ಲಿ ಬಂತು. ಟೆಸ್ಕೊಕೊ ಸರೋವರದ ನಡುವಿನ ದ್ವೀಪದಲ್ಲಿ 1325ರ ಸುಮಾರಿಗೆ ಅಜ್ಟೆಕ್ ಜನ ಕಟ್ಟಲು ಶುರು ಮಾಡಿದ ಟೆನೊಚ್ಟಿಟ್ಲಾನ್ ಪಟ್ಟಣವನ್ನು ನಾವು ಹಲಗೆಯ ಮೇಲೆ ಕಟ್ಟಬೇಕು. ಇವತ್ತು ಅದೇ ಜಾಗದ ಮೇಲೆ ಮೆಕ್ಸಿಕೋ ಸಿಟಿ ಕೂತಿದೆ.

ಪೆಟ್ಟಿಗೆ ತೆರೆದರೆ ಎಲ್ಲರ ಕೈಯೂ ಮೊದಲು ಹೋಗುವುದು ಗುಡಿಗಳಿಗೆ. ಮೆಟ್ಟಿಲು ಮೆಟ್ಟಿಲಾಗಿ ಚೆನ್ನಾಗಿವೆ, ಒಪ್ಪೋಣ. ಆದರೆ ಆಟ ಇರುವುದು ಕಾಲುವೆಯಲ್ಲಿ. ದ್ವೀಪ ಅಂದರೆ ಬರೀ ಖಾಲಿ ಚೌಕಗಳು. ಕಾಲುವೆ ತುಂಡುಗಳನ್ನಿಟ್ಟು ಒಂದಷ್ಟು ಚೌಕಗಳ ಸುತ್ತ ನೀರು ಹರಿಸಬೇಕು. ಜೊತೆಗೆ ಅಂಕಿ ಬರೆದ ಬಿಲ್ಲೆಗಳಿರುತ್ತವೆ, ಬಿಲ್ಲೆಯಲ್ಲಿ ಬರೆದಷ್ಟೇ ಚೌಕ ಒಳಗೆ ಸಿಕ್ಕರೆ ಅದೊಂದು ಕೇರಿ. ಆ ಕೇರಿಯಲ್ಲಿ ಯಾರ ಗುಡಿಗಳ ಅಂತಸ್ತು ಕೂಡಿ ಜಾಸ್ತಿಯೋ ಅವರಿಗೆ ದೊಡ್ಡ ಪಾಲಿನ ಅಂಕ. ಒಂದು ಸರದಿಗೆ ಖರ್ಚು ಮಾಡಲು ಕೈಯಲ್ಲಿರುವುದು 6 ಪಾಯಿಂಟ್. ನಾಲ್ಕು ಅಂತಸ್ತಿನ ಗುಡಿ ಎಬ್ಬಿಸಿದರೆ 4 ಹೋಯಿತು. ಕಾಲುವೆ ತುಂಡಿಗೆ ಒಂದೇ.

ಈ ಲೆಕ್ಕ ಮೊದಲು ಹಿಡಿದವರು ನಮ್ಮ ದೊಡ್ಡಪ್ಪ. ಅವರ ಗದ್ದೆ ಇರುವುದು ಮಳವಳ್ಳಿ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿ. ಮೇಲಿನವರು ನೀರು ತಿರುಗಿಸಿಕೊಂಡರೆ ಕೆಳಗಿನವರ ಗತಿ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಎತ್ತರದ ಗುಡಿ ಕಟ್ಟಿ ಬೀಗುತ್ತಿದ್ದರೆ ಅವರು ಸುಮ್ನೆ ಒಂದು ತುಂಡು ಅಡ್ಡ ಇಡುತ್ತಾರೆ. ದೊಡ್ಡ ಕೇರಿ ಆಗಬೇಕಿದ್ದ ಜಾಗ ಎರಡು ಹೋಳು. ನನ್ನ ಗುಡಿ ಸಣ್ಣ ಹೋಳಿನಲ್ಲಿ! "ನೀ ಗುಡಿ ಕಟ್ಕೊ ಮಗ, ನಾಲೆ ಎತ್ತಗೆ ಅಂತ ನಾ ನೋಡ್ಕತೀನಿ" ಅಂತ ನಗು ಬೇರೆ. ಕಾಯಿಯ ಓಡಾಟದಲ್ಲೂ ಹಾಗೇ. ಚೌಕ ಚೌಕ ನಡೆದರೆ ಪಾಯಿಂಟ್ ಕರಗುತ್ತದೆ, ಸೇತುವೆಯಿಂದ ಮುಂದಿನ ಸೇತುವೆಗೆ ನೀರಿನ ಮೇಲೆ ಹೋದರೆ ಒಂದೇ ಸಾಕು. ಎಷ್ಟಾದರೂ ಅದು ದೋಣಿ ಮೇಲೆ ಬದುಕಿದ ಊರು ಅಲ್ವಾ.

"ಇಷ್ಟೊಂದು ನಾಲೆ ಅವೆ, ಗದ್ದೆ ಎಲ್ಲೋ?" ಅಂತ ದೊಡ್ಡಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಅಲ್ಲಿನವರು ಸರೋವರದ ಕೆಸರು ಎತ್ತಿ ಹಾಕಿ, ನೀರಿನ ನಡುವೆಯೇ ಮಡಿ ಮಾಡಿ ಮುಸುಕಿನ ಜೋಳ ಬೆಳೆದರು. ಚಿನಾಂಪ ಅಂತ ಅದಕ್ಕೆ ಹೆಸರು. ಪಟ್ಟಣದ ಹೊಟ್ಟೆ ತುಂಬಿಸುವುದರಲ್ಲಿ ಅದರ ಪಾಲು ದೊಡ್ಡದು. ಆಟದಲ್ಲಿ ಅದರ ಸುಳಿವೇ ಇಲ್ಲ, ನನಗೂ ಅದೊಂದು ಕೊರತೆ.

ಇನ್ನೊಂದು ತೊಂದರೆ, ನಾಲ್ಕು ಜನ ಕೂತರೆ ಸರದಿ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ. ಮೂರು ಜನಕ್ಕೆ ಸರಿ.