ಕುಯ್ ಕುಯ್ ಅನ್ನುವ ಗೊಂಬೆ

ನನ್ನ ಅಂಗಡಿಗೆ ಬಂದ ಮೊದಲ ದೂರು ಇದು: "ಮೇಡಂ, ನೀವು ಕಳಿಸಿದ ಗೊಂಬೆಯ ತಲೆ ಲೂಸಾಗಿದೆ. ತಿರುಗಿಸಿದ್ರೆ ಕುಯ್ ಕುಯ್ ಅನ್ನುತ್ತೆ. ದುಡ್ಡು ವಾಪಸ್ ಕೊಡಿ."

ನಕ್ಕುಬಿಟ್ಟೆ. ನಾನು ಅಂಗಡಿ ಶುರು ಮಾಡಿದ್ದೇ ಆ ಸದ್ದಿನಿಂದ!

ಅಂಗಡಿ ಅಂದರೆ ದೊಡ್ಡದೇನಲ್ಲ. ಬಸವನಗುಡಿಯ ನಮ್ಮ ಮನೆಯ ಒಂದು ರೂಮು, ಎರಡು ಬೀರು, ಒಂದು ಇನ್‌ಸ್ಟಾಗ್ರಾಂ ಪುಟ. ಜಪಾನಿನಿಂದ ಕೊಕೆಶಿ ಅನ್ನುವ ಮರದ ಗೊಂಬೆಗಳನ್ನು ತರಿಸಿ ಮಾರುತ್ತೇನೆ. ಜೊತೆಗೆ ಒಂದಿಷ್ಟು ಫುರೊಶಿಕಿ, ಅಂದರೆ ಗಂಟು ಕಟ್ಟುವ ಬಟ್ಟೆ.

ಯಜಮಾನರ ಕೆಲಸದ ಮೇಲೆ ನಾಲ್ಕು ವರ್ಷ ಜಪಾನಿನ ಸೆಂಡೈನಲ್ಲಿದ್ದೆವು. ಮಗಳು ಹುಟ್ಟಿದ್ದು ಅಲ್ಲೇ. ಕೆಳಗಿನ ಮನೆಯ ಅಜ್ಜಿ ಮಗು ನೋಡಲು ಬಂದಾಗ ಪೇಪರಿನಲ್ಲಿ ಸುತ್ತಿದ ಒಂದು ಗೊಂಬೆ ಕೊಟ್ಟರು. ಗೇಣುದ್ದವೂ ಇಲ್ಲ. ಗುಂಡು ತಲೆ, ಗೆರೆ ಎಳೆದ ಕಣ್ಣು, ಹೊಟ್ಟೆ ಮೇಲೆ ಕೆಂಪು ಸೇವಂತಿಗೆ. ಕೈಯಿಲ್ಲ, ಕಾಲಿಲ್ಲ. ಅದು ಅಜ್ಜಿ ಚಿಕ್ಕಂದಿನಲ್ಲಿ ಆಡಿದ್ದಂತೆ. ಬಿಳಿ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ನನ್ನ ಜಪಾನೀ ಭಾಷೆ ಆಗ ತರಕಾರಿ ಕೊಳ್ಳುವಷ್ಟು ಮಾತ್ರ. ಅಜ್ಜಿ ಹೆಚ್ಚು ಮಾತಾಡದೆ ಗೊಂಬೆಯ ತಲೆ ತಿರುಗಿಸಿದರು. ಕುಯ್ ಅಂತು. ಮಗು ಹೆದರಿ ಇನ್ನೂ ಜೋರಾಗಿ ಅತ್ತಿತು.

ಆ ಸದ್ದು ಎಲ್ಲಿಂದ ಬರುತ್ತೆ ಅಂತ ನೋಡಲು ನರುಕೊಗೆ ಹೋದೆ. ಫುರುಕಾವಾದಲ್ಲಿ ಇಳಿದು ಚಿಕ್ಕ ರೈಲು ಹತ್ತಬೇಕು. ಬಿಸಿನೀರಿನ ಬುಗ್ಗೆಗಳ ಊರು, ರೈಲಿಳಿದರೆ ಗಂಧಕದ ವಾಸನೆ. ಹಿಂದೆ ರೈತರು ಮೈಕೈ ನೋವಿಗೆ ಅಲ್ಲಿ ಸ್ನಾನಕ್ಕೆ ಬಂದು, ಮನೆಯ ಮಕ್ಕಳಿಗೆ ಈ ಗೊಂಬೆ ಒಯ್ಯುತ್ತಿದ್ದರು.

ಮಿಜುಕಿ ಅನ್ನುವ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ಲೇತ್‌ನಲ್ಲಿ ತಲೆ ಬೇರೆ, ಮೈ ಬೇರೆ ಕಡೆಯುತ್ತಾರೆ. ಉಳಿಗಳನ್ನೂ ತಾವೇ ಕಾಸಿ ಬಡಿದು ಮಾಡಿಕೊಳ್ಳುತ್ತಾರೆ. ಆಮೇಲೆ ಮೈ ತಿರುಗುತ್ತಿರುವಾಗಲೇ ತಲೆಯನ್ನು ತೂತಿಗೆ ಒತ್ತುತ್ತಾರೆ. ಉಜ್ಜಿ ಉಜ್ಜಿ ಬಿಸಿಯಾಗಿ ಒಂದು ಗಳಿಗೆ ಹೊಗೆಯಾಡುತ್ತೆ, ಟಕ್ ಅಂತ ಕೂರುತ್ತೆ. ಅಂಟಿಲ್ಲ, ಮೊಳೆಯಿಲ್ಲ. ಬಿಗಿಯಾಗಿ ಕೂತ ಮರಕ್ಕೆ ಮರ ಉಜ್ಜಿ ಕೂಗುತ್ತೆ. ಗೊಂಬೆಯ ತಳದಲ್ಲಿ ಅದನ್ನು ಮಾಡಿದವರು ಶಾಯಿಯಲ್ಲಿ ತಮ್ಮ ಹೆಸರು ಬರೆಯುತ್ತಾರೆ.

ಬೆಂಗಳೂರಿಗೆ ವಾಪಸ್ ಬಂದ ವರ್ಷ ದಸರಾಕ್ಕೆ ಅತ್ತೆ ಗೊಂಬೆ ಕೂರಿಸಿದರು. "ಕೈಕಾಲಿಲ್ಲದ್ದನ್ನ ಪಟ್ಟದ ಗೊಂಬೆ ಹತ್ರ ಇಡಬೇಡ ಕಣೇ," ಅಂದರು. ಕೆಳಗಿನ ಮೆಟ್ಟಿಲ ಮೂಲೆಯಲ್ಲಿ, ಶೆಟ್ಟರ ಅಂಗಡಿ ಪಕ್ಕದಲ್ಲಿ ಜಾಗ ಸಿಕ್ಕಿತು. ಆರತಿಗೆ ಬಂದ ಹೆಂಗಸರೆಲ್ಲ ಅದನ್ನೇ ಎತ್ತಿ ಕುಯ್ ಅನ್ನಿಸಿದ್ದೇ ಅನ್ನಿಸಿದ್ದು. ಮೂರು ಜನ "ನಮಗೂ ತರಿಸಿಕೊಡು" ಅಂದರು. ವ್ಯಾಪಾರ ಶುರುವಾಗಿದ್ದು ಹಾಗೆ. ಲಾಭ? ಕಸ್ಟಮ್ಸ್ ಸುಂಕ, ಕೊರಿಯರ್ ಕಳೆದರೆ ಮಗಳ ಸ್ಕೂಲ್ ಬಸ್ಸಿನ ಖರ್ಚು ಹುಟ್ಟುತ್ತೆ ಅಷ್ಟೇ.

ಈಗ ಪ್ರತಿ ಡಬ್ಬಿಯಲ್ಲೂ ಕನ್ನಡದಲ್ಲಿ ಚೀಟಿ ಇಡುತ್ತೇನೆ: ಸದ್ದು ದೋಷವಲ್ಲ. ಬಿಸಿಲಿಗೆ ಇಡಬೇಡಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಕೊನೆಯದು ನಾನೇ ಕಲಿತ ಪಾಠ. ದೂಳು ಹೊಡೆಯೋಣ ಅಂತ ಅಜ್ಜಿಯ ಗೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಸೇವಂತಿಗೆಯ ಕೆಂಪು ಮೈಮೇಲೆಲ್ಲ ಇಳಿಯಿತು. ಈಗಲೂ ಹಾಗೇ ಇದೆ.

ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಅನ್ನಿಸಿಕೊಂಡ ಬಾವಾಸ್ ಮಿಯಾನ್ ಜಪಾನಿನ ಗೊಂಬೆ ಕೆಲಸ ನೋಡಿ ಕಲಿತವರು ಅಂತ ಹೇಳುತ್ತಾರೆ. ಅದಕ್ಕೇ ಕಳೆದ ತಿಂಗಳು ಆ ಗೊಂಬೆಯನ್ನು ಚನ್ನಪಟ್ಟಣಕ್ಕೆ ಒಯ್ದೆ. ಅಲ್ಲಿ ಹಾಲೆ ಮರ. ತಿರುಗುವ ಗೊಂಬೆಗೆ ಅರಗು ಒತ್ತಿ ಬಣ್ಣ ಕೂರಿಸುತ್ತಾರೆ, ಕೇದಗೆ ಎಲೆಯಲ್ಲಿ ಹೊಳಪು ಕೊಡುತ್ತಾರೆ. ವಯಸ್ಸಾದ ಕುಶಲಕರ್ಮಿಯೊಬ್ಬರಿಗೆ ಏನೂ ಹೇಳದೆ ಕೊಟ್ಟೆ. ಅವರು ಕಲೆಯಾದ ಹೂವನ್ನು ನೋಡಲೇ ಇಲ್ಲ. ಕಿವಿ ಹತ್ತಿರ ಹಿಡಿದು ತಲೆ ತಿರುಗಿಸಿದರು. ಇನ್ನೊಂದು ಸಲ.

"ತಿರುಗ್ತಿರುವಾಗಲೇ ಒತ್ತಿ ಕೂರಿಸಿದಾರೆ ಅಲ್ವೇನಮ್ಮಾ?" ಅಂದರು. ಆಮೇಲೆ ಲೇತ್ ನಿಲ್ಲಿಸಿ, ಒಳಗಿದ್ದ ಮಗನನ್ನು ಕೂಗಿದರು.